ಕೂಡಿ ಕೊಳ್ಳುವ ಕತೆ: ಬಂಡಿಯ ಗಾಲಿಯಿಂದ ಕಾರಿನ ಗಾಲಿಯವರೆಗೆ



ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದ. ಬಿಡುವಿನ ವೇಳೆಯಲ್ಲಿ ಅವನು ತನ್ನ ಮನೆಯಲ್ಲಿಯೇ ಒಂದು ಕಾರನ್ನು ಜೋಡಿಸುತ್ತಿದ್ದಾನೆ. ಅದರ ಗಾಲಿಗಳಿಗೆ ಬೇಕಾದ ಒಂದು ಬಗೆಯ ಲೋಹದ ಬಿಲ್ಲೆ ಅಂಗಡಿಯಲ್ಲಿ ದೊರೆಯುವುದಿಲ್ಲವಂತೆ. ತನ್ನಂತೆಯೇ ಕಾರು ಜೋಡಿಸುವ ಇಪ್ಪತ್ತು ಜನರನ್ನು ಒಟ್ಟುಗೂಡಿಸಿ, ಅವರಿಂದ ಹಣ ಸಂಗ್ರಹಿಸಿ, ಆ ಬಿಲ್ಲೆಗಳನ್ನು ಒಮ್ಮೆಗೇ ಮಾಡಿಸುವ ಹೊಣೆಯನ್ನು ಅವನು ಹೊತ್ತಿದ್ದಾನೆ. “ಸರ್, ಎಲ್ಲರೂ ಹಣ ಕಳಿಸುವ ತನಕ ಆರಾಮಾಗಿದ್ದೆ. ಈಗ ಅವರ ದುಡ್ಡು ನನ್ನ ಹತ್ತಿರ ಇದೆ, ಸಾಮಾನು ಇನ್ನೂ ಬಂದಿಲ್ಲ. ರಾತ್ರಿ ನಿದ್ದೆ ಹತ್ತುವುದಿಲ್ಲ. ನಮ್ಮ ಕಡೆ ಹಿಂದೆ ಹೀಗೆ ಕೂಡಿ ಕೊಳ್ಳುವ ಪದ್ಧತಿ ಇತ್ತೇನು?” ಎಂದು ಕೇಳಿದ. ಸಮಾಜ ವಿಜ್ಞಾನದ ಮೇಷ್ಟ್ರಿಗೆ ಇಂಥ ಪ್ರಶ್ನೆ ಸಿಕ್ಕರೆ ಸುಮ್ಮನಿರಲಾದೀತೇ? ಫೋನಿನಲ್ಲಿ ಹೇಳಿ ಮುಗಿಯದ ಉತ್ತರವನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಮೊದಲು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ಬಿಡಿಭಾಗಗಳ ರೂಪದಲ್ಲಿ ಮಾರುವ, ಕೊಂಡವರೇ ಜೋಡಿಸಿಕೊಳ್ಳಬೇಕಾದ ಕಾರಿಗೆ ಕಿಟ್ ಕಾರು ಎಂದು ಹೆಸರು. ಇದರಲ್ಲಿ ಬಹು ಪ್ರಸಿದ್ಧವಾದುದು ಕಾಲಿನ್ ಚಾಪ್‌ಮನ್ ಅವರ ಲೋಟಸ್ ಸಂಸ್ಥೆ 1957ರಲ್ಲಿ ಹೊರತಂದ ಲೋಟಸ್ ಸೆವೆನ್. ಆಗ ಬ್ರಿಟನ್ನಿನಲ್ಲಿ ಪೂರ್ಣ ತಯಾರಾದ ಕಾರಿನ ಮೇಲೆ ಖರೀದಿ ತೆರಿಗೆ ಇತ್ತು; ಬಿಡಿಭಾಗಗಳಾಗಿ ಕೊಂಡವರಿಗೆ ಆ ತೆರಿಗೆ ತಗಲುತ್ತಿರಲಿಲ್ಲ. ಕಡಿಮೆ ಸಂಬಳದ ಉತ್ಸಾಹಿಗಳು ತಮ್ಮ ಕೈಗಳನ್ನೇ ನಂಬಿ ಕಾರು ಕಟ್ಟತೊಡಗಿದರು. 1973ರಲ್ಲಿ ಆ ತೆರಿಗೆ ಹೋಗಿ ವ್ಯಾಟ್ ಬಂದಿತು, ಲಾಭವೂ ಹೋಯಿತು. ಆದರೆ ಹವ್ಯಾಸ ಮಾತ್ರ ಉಳಿಯಿತು.

ಹೀಗೆ ಕಟ್ಟುವ ಕಾರಿನಲ್ಲಿ ಅಚ್ಚು ಒಂದು ಹಳೆಯ ಕಾರಿನದು, ಗಾಲಿ ಇನ್ನೊಂದರದು ಆಗಿರುವುದುಂಟು. ಗಾಲಿ ಒಳಕ್ಕೆ ಸರಿದು ಬ್ರೇಕಿಗೋ ಸ್ಪ್ರಿಂಗಿಗೋ ತಾಗಬಹುದು. ಅದನ್ನು ತುಸು ಹೊರಗೆ ತಳ್ಳಲು ಗಾಲಿಗೂ ಅದು ಕೂರುವ ಗುಂಭಕ್ಕೂ ನಡುವೆ ಒಂದು ಬಿಲ್ಲೆಯನ್ನು ಇಡುತ್ತಾರೆ. ಅದೇ ವೀಲ್ ಸ್ಪೇಸರ್. ಅದರ ದಪ್ಪ, ನಡುವಿನ ತೂತಿನ ಅಗಲ, ಬೋಲ್ಟುಗಳ ತೂತುಗಳು ಕುಳಿತ ವೃತ್ತದ ಅಳತೆ, ಇವೆಲ್ಲ ಕೂದಲೆಳೆಯಷ್ಟೂ ತಪ್ಪುವಂತಿಲ್ಲ. ತಪ್ಪಿದರೆ ಗಾಲಿ ಅದುರುತ್ತದೆ. ಬೋಲ್ಟು ಸಡಿಲವಾದರೆ ಪ್ರಾಣಕ್ಕೇ ಅಪಾಯ. ನಮ್ಮ ದೇಶದಲ್ಲಿಯಂತೂ ತಯಾರಕರು ಕೊಟ್ಟ ಸ್ವರೂಪವನ್ನು ಮನಬಂದಂತೆ ಬದಲಿಸಲು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಅವಕಾಶ ಕೊಡುವುದಿಲ್ಲ. ಓದಿದ ಹುಮ್ಮಸ್ಸಿನಲ್ಲಿ ಯಾರೂ ತಮ್ಮ ಕಾರಿನ ಗಾಲಿಗೆ ಕೈ ಹಾಕಬಾರದೆಂದು ಈ ಮಾತನ್ನು ಹೇಳಿದೆ.

ಇನ್ನು ಇಪ್ಪತ್ತು ಜನ ಏಕೆ ಕೂಡಬೇಕು? ಹಳೆಯ ಅಭ್ಯಾಸಬಲದಿಂದ ಒಂದು ಲೆಕ್ಕ ಕೊಡುತ್ತೇನೆ. ಇವು ಉದಾಹರಣೆಗೆಂದು ಹಿಡಿದ ಅಂಕಿಗಳು. ಯಂತ್ರವನ್ನು ಆ ಅಳತೆಗೆ ಹೊಂದಿಸಲು 10,000 ರೂಪಾಯಿ, ಆಮೇಲೆ ಪ್ರತಿ ಜೊತೆ ಬಿಲ್ಲೆಗೆ 500 ರೂಪಾಯಿ ಎಂದಿಟ್ಟುಕೊಳ್ಳಿ. ಒಬ್ಬನೇ ಮಾಡಿಸಿದರೆ ಅವನಿಗೆ 10,500 ರೂಪಾಯಿ ಬೀಳುತ್ತದೆ. ಇಪ್ಪತ್ತು ಜನ ಕೂಡಿದರೆ ಹೊಂದಿಸುವ ಖರ್ಚು ತಲೆಗೆ 500, ಬಿಲ್ಲೆಗೆ 500, ಒಟ್ಟು 1,000 ರೂಪಾಯಿ. ಕಾರ್ಖಾನೆಯವನಿಗೂ ನಷ್ಟವಿಲ್ಲ, ಕೊಳ್ಳುವವನಿಗೂ ಹೊರೆಯಿಲ್ಲ.

ಲೆಕ್ಕ ಇಷ್ಟು ಸರಳವಾದರೆ ಜಗತ್ತಿನಲ್ಲಿ ಎಲ್ಲರೂ ಕೂಡಿಯೇ ಕೊಳ್ಳಬೇಕಾಗಿತ್ತು. ಹಾಗಾಗದಿರುವುದಕ್ಕೆ ಮೂರು ಕಾರಣಗಳಿವೆ. ಎಲ್ಲರ ಅಳತೆಯೂ ಒಂದೇ ಆಗಿರಬೇಕು. ವಸ್ತು ಕೈಗೆ ಬರುವ ಮೊದಲೇ ಹಣ ಕೂಡಬೇಕು. ಆ ಹಣವನ್ನು ಒಬ್ಬನ ಕೈಯಲ್ಲಿ ಬಿಡುವಷ್ಟು ನಂಬಿಕೆ ಇರಬೇಕು. ಅಳತೆ, ಹಣ, ನಂಬಿಕೆ: ಈ ಮೂರನ್ನು ನಮ್ಮ ಹಿರಿಯರು ಹೇಗೆ ಹೊಂದಿಸಿದರೆಂಬುದೇ ಕೂಡಿ ಕೊಳ್ಳುವುದರ ಇತಿಹಾಸ.

ಅಳತೆಯ ಮಾತಿಗೆ ನಮ್ಮ ಹೊಳಲಿನಿಂದಲೇ ಆರಂಭಿಸೋಣ. ಹೂವಿನಹಡಗಲಿ ತಾಲ್ಲೂಕಿನ ಹೊಳಲು ಇಂದು, 2021ರಿಂದ ಈಚೆಗೆ, ವಿಜಯನಗರ ಜಿಲ್ಲೆಗೆ ಸೇರಿದೆ. ಊರಿನ ಹೆಸರನ್ನು ದೂರದವರಿಗೆ ತಿಳಿಸಿರುವುದು ಇಲ್ಲಿಯ ಅನಂತಶಯನ ಸ್ವಾಮಿ. ಕೃಷ್ಣದೇವರಾಯ ಹೊಸಪೇಟೆಯ ಬಳಿ 1524ರಲ್ಲಿ ಕಟ್ಟಿಸಿದ ಅನಂತಶಯನ ಗುಡಿ ಈ ಮೂರ್ತಿಗಾಗಿಯೇ ಆದುದೆಂದೂ, ಸ್ವಾಮಿ ಮಾತ್ರ ಹೊಳಲನ್ನು ಬಿಟ್ಟು ಕದಲಲಿಲ್ಲವೆಂದೂ ಐತಿಹ್ಯ. ಅಳತೆ ಕೊಟ್ಟು ಮಾಡಿಸಿದ ವಸ್ತುವಿಗೆ ಒಡೆಯ ಬರದಿದ್ದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ನನಗೆ ತಿಳಿಯದು! ಅಷ್ಟು ದೊಡ್ಡ ಗರ್ಭಗುಡಿ ಮೂರ್ತಿಯಿಲ್ಲದೆ ನಿಂತಿತು. ಇಪ್ಪತ್ತು ಜನರಲ್ಲಿ ನಾಲ್ವರು ಹಿಂದೆ ಸರಿದರೆ ಉಳಿಯುವ ಬಿಲ್ಲೆಗಳ ಗತಿಯೂ ಅದೇ. ಬೇರೆಯವರಿಗೆ ಅವು ಹೊಂದುವುದಿಲ್ಲ.

ಹೊಳಲಿನ ಸುತ್ತಿನ ಸೀಮೆ ಬಂಡಿಯ ಸೀಮೆ. ತುಂಗಭದ್ರೆಯ ಈಚೆ ದಡದಲ್ಲಿ ನಾವು ಬಂಡಿ ಎನ್ನುತ್ತೇವೆ, ಆಚೆಯ ಧಾರವಾಡ ಸೀಮೆಯವರು ಚಕ್ಕಡಿ ಎನ್ನುತ್ತಾರೆ. 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಪ್ರದೇಶದಲ್ಲಿ ನಮ್ಮ ಭಾಗವೂ ಸೇರಿ ಮದರಾಸು ಪ್ರಾಂತಕ್ಕೆ ಹೋಯಿತು. ಹೊಳೆಯ ಆಚೆ ಮುಂಬಯಿ ಪ್ರಾಂತ, ದಕ್ಷಿಣಕ್ಕೆ ಮೈಸೂರು ಸಂಸ್ಥಾನ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರುವ ತನಕ, 1956ರಲ್ಲಿ ಎಲ್ಲವೂ ಒಂದಾಗುವ ತನಕ, ಹೊಳೆ ದಾಟಿದರೆ ಸರಕಾರ ಬದಲಾಗುತ್ತಿತ್ತು. ಆದರೆ ಮೈಲಾರದ ಜಾತ್ರೆಗೆ ಕಾರಣಿಕ ಕೇಳಲು ಬರುವ ಬಂಡಿಗಳೂ ಚಕ್ಕಡಿಗಳೂ ಒಂದೇ ಹಾದಿ ಹಿಡಿದು ಬರುತ್ತಿದ್ದವು.

ಒಂದೇ ಹಾದಿ ಎಂಬುದು ಸುಮ್ಮನೆ ಆಡಿದ ಮಾತಲ್ಲ. ಎರೆ ಹೊಲದ ಹಾದಿಯಲ್ಲಿ ಮಳೆಗಾಲದಲ್ಲಿ ಗಾಲಿಗಳು ಹೂತು ಎರಡು ಆಳವಾದ ಜಾಡು ಬೀಳುತ್ತವೆ. ಮಳೆ ನಿಂತ ಮೇಲೆ ಆ ಜಾಡು ಕಲ್ಲಿನಂತೆ ಗಟ್ಟಿಯಾಗುತ್ತದೆ. ನಿಮ್ಮ ಬಂಡಿಯ ಎರಡು ಗಾಲಿಗಳ ನಡುವಿನ ಅಂತರ ಆ ಜಾಡಿಗೆ ಸರಿಹೊಂದದಿದ್ದರೆ ಒಂದು ಗಾಲಿ ಜಾಡಿನಲ್ಲಿ, ಇನ್ನೊಂದು ದಿಣ್ಣೆಯ ಮೇಲೆ. ಹೇರು ಒಂದು ಕಡೆಗೆ ವಾಲಿ ಎತ್ತಿನ ಕುತ್ತಿಗೆಗೆ ನೊಗ ಒತ್ತುತ್ತದೆ. ಆದ್ದರಿಂದ ಯಾವ ಸರಕಾರದ ಆಜ್ಞೆಯೂ ಇಲ್ಲದೆ ಸೀಮೆಯ ಬಂಡಿಗಳೆಲ್ಲ ಒಂದೇ ಅಗಲಕ್ಕೆ ಬಂದು ನಿಂತವು. ಅಳತೆಯನ್ನು ನೆಲವೇ ಗೊತ್ತುಮಾಡಿತು. ಮೊದಲನೆಯ ತೊಡಕು ಹೀಗೆ ತಾನಾಗಿಯೇ ಬಿಡಿಸಿಕೊಂಡಿತು.

ನಮ್ಮ ಬಂಡಿಯ ಗಾಲಿಯಲ್ಲಿಯೂ ಸ್ಪೇಸರ್ ಇತ್ತೆಂದರೆ ನಿಮಗೆ ಆಶ್ಚರ್ಯವಾದೀತು. ಅಚ್ಚಿನ ತುದಿಗೆ ಗಾಲಿಯನ್ನು ಏರಿಸಿ, ಅದು ಕಳಚದಂತೆ ಕಡೆಗೀಲು ಹಾಕುತ್ತಿದ್ದರು. ತಿರುಗಿ ತಿರುಗಿ ಗುಂಭದ ಒಳಮೈ ಸವೆದಾಗ ಗಾಲಿ ಅತ್ತಿತ್ತ ಆಡುತ್ತದೆ. ಆಗ ಗುಂಭಕ್ಕೂ ಕಡೆಗೀಲಿಗೂ ನಡುವೆ ಕಬ್ಬಿಣದ ಬಳೆಯನ್ನೋ ತೊಗಲಿನ ಬಿಲ್ಲೆಯನ್ನೋ ಸೇರಿಸಿ, ಕೀಲೆಣ್ಣೆ ಸವರಿ ಓಡಿಸುತ್ತಿದ್ದರು. ಪ್ರತಿ ಗಾಲಿಯ ಸವೆತವೂ ಬೇರೆ. ಆದ್ದರಿಂದ ಪ್ರತಿ ಬಳೆಯ ದಪ್ಪವೂ ಬೇರೆ. ಕಮ್ಮಾರರು ಅಚ್ಚಿನ ತುದಿಯನ್ನು ನೋಡಿಯೇ ಬಳೆ ಬಡಿದುಕೊಡುತ್ತಿದ್ದರು.

ಬಳೆಗೆ ಒಬ್ಬರೇ ಹೋದರೆ ಸಾಕು. ಗಾಲಿಗೆ ಹಳಿ ಹಾಕಿಸಲು ಮಾತ್ರ ಹಲವರು ಕೂಡಬೇಕಾಗಿತ್ತು. ಮರದ ಗಾಲಿಯ ಸುತ್ತ ಬಿಗಿಯುವ ಕಬ್ಬಿಣದ ಪಟ್ಟಿಯೇ ಹಳಿ. ಅದನ್ನು ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾಗಿ ಮಾಡಿರುತ್ತಾರೆ. ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದಾಗ ಅದು ಹಿಗ್ಗುತ್ತದೆ. ಆಗ ಇಕ್ಕಳದಿಂದ ಹಿಡಿದೆತ್ತಿ ಗಾಲಿಯ ಮೇಲೆ ಕೂರಿಸಿ, ಬಡಿದು, ಕೂಡಲೇ ನೀರು ಸುರಿಯುತ್ತಾರೆ. ಕಬ್ಬಿಣ ಕುಗ್ಗಿ, ಅರಗಳೂ ಹೊರಸುತ್ತಿನ ಮರದ ತುಂಡುಗಳೂ ಗುಂಭದ ಕಡೆಗೆ ಬಿಗಿದುಕೊಳ್ಳುತ್ತವೆ. ಶಾಖದಿಂದ ಘನವಸ್ತು ಹಿಗ್ಗುತ್ತದೆಂಬ ಪಾಠಕ್ಕೆ ನಾನು ತರಗತಿಯಲ್ಲಿ ಸದಾ ಕೊಡುತ್ತಿದ್ದ ಉದಾಹರಣೆ ಇದು. ವಿಜ್ಞಾನದ ಮೇಷ್ಟ್ರು ರಜೆಯಲ್ಲಿದ್ದಾಗ ಅವರ ಪಾಠವೂ ನನ್ನ ಪಾಲಿಗೆ ಬರುತ್ತಿತ್ತು ಎಂಬುದನ್ನು ನಿಮ್ಮಲ್ಲಿ ಕೆಲವರು ಮರೆತಿರಲಾರಿರಿ.

ಒಂದು ಗಾಲಿಗೆ ಉರಿಸಿದರೂ ಬೆಂಕಿ ಅಷ್ಟೇ ದೊಡ್ಡದು, ಆರು ಗಾಲಿಗೆ ಉರಿಸಿದರೂ ಸ್ವಲ್ಪವೇ ಹೆಚ್ಚು. ಯಂತ್ರ ಹೊಂದಿಸುವ ಖರ್ಚಿನ ಲೆಕ್ಕವೇ ಇಲ್ಲಿಯೂ ಇದೆ ನೋಡಿ. ನಾನು ಸಣ್ಣವನಾಗಿದ್ದಾಗ, 1960ರ ದಶಕದ ಕೊನೆಯಲ್ಲಿ, ಸುಗ್ಗಿ ಮುಗಿದ ಮೇಲೆ ನಮ್ಮ ಓಣಿಯ ಏಳೆಂಟು ಮನೆಯವರು ಒಂದು ದಿನ ಗೊತ್ತುಮಾಡಿಕೊಳ್ಳುತ್ತಿದ್ದರು. ಒಬ್ಬರು ಎಲ್ಲರ ಹಣ ಹಿಡಿದು ಹೊಳೆಯಾಚೆಯ ಪೇಟೆಗೆ ಹೋಗಿ ಪಟ್ಟಿ ತರುತ್ತಿದ್ದರು. ಬಿಡಿಯಾಗಿ ಕೊಳ್ಳುವುದಕ್ಕಿಂತ ಒಟ್ಟಾಗಿ ತಂದರೆ ದರದಲ್ಲಿಯೂ ಸೋವಿ, ಬಾಡಿಗೆಯಲ್ಲಿಯೂ ಉಳಿತಾಯ. ಪ್ರತಿ ಮನೆಯಿಂದ ಇಷ್ಟು ಬುಟ್ಟಿ ಕುಳ್ಳು, ಇಷ್ಟು ಕೊಡ ನೀರು ಎಂದು ಬಾಯಿಮಾತಿನಲ್ಲಿಯೇ ನಿಗದಿಯಾಗುತ್ತಿತ್ತು. ಪೇಟೆಗೆ ಹೋಗಿ ಬಂದವರು ಮನೆಗೆ ಹೋಗುವ ಮೊದಲು ಕಟ್ಟೆಯ ಮೇಲೆ ಕುಳಿತು, ಚೀಟಿ ತೆಗೆದು, ಯಾರದು ಎಷ್ಟು ಬಂದಿತ್ತು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಂಬುದನ್ನು ಎಲ್ಲರೆದುರು ಓದುತ್ತಿದ್ದರು. ನಮ್ಮ ತಂದೆಯವರಿಗೆ ಓದು ಅಷ್ಟಕ್ಕಷ್ಟೆ. “ಓದಿದ್ದು ನನಗೆ ತಿಳೀಲಿ ಬಿಡಲಿ, ಓದಿದನಲ್ಲ, ಅಷ್ಟು ಸಾಕು” ಎಂದು ಅವರು ಹೇಳುತ್ತಿದ್ದುದುಂಟು. ಲೆಕ್ಕ ಸರಿಯಾಗಿರುವುದು ಎಷ್ಟು ಮುಖ್ಯವೋ ಅದು ಹತ್ತು ಜನರ ಕಿವಿಗೆ ಬೀಳುವುದೂ ಅಷ್ಟೇ ಮುಖ್ಯ ಎಂಬುದು ಆ ಮಾತಿನ ತಿರುಳೆಂದು ನನಗೆ ಬಹಳ ವರ್ಷಗಳ ಮೇಲೆ ಹೊಳೆಯಿತು.

ಬಡಿಗೇರರಿಗೂ ಕಮ್ಮಾರರಿಗೂ ಸಲ್ಲಬೇಕಾದುದು ಆಯದ ರೂಪದಲ್ಲಿ ಸಲ್ಲುತ್ತಿತ್ತು. ಆಯಗಾರ ಪದ್ಧತಿಯೂ ಒಂದು ಬಗೆಯಲ್ಲಿ ಕೂಡಿ ಕೊಳ್ಳುವುದೇ. ಊರಿನ ರೈತರೆಲ್ಲ ಸೇರಿ ಕುಶಲಕರ್ಮಿಯ ಇಡೀ ವರ್ಷದ ಕೆಲಸವನ್ನು ಕೊಂಡು, ಸುಗ್ಗಿಯಲ್ಲಿ ಕಣದಿಂದ ಕಾಳು ಅಳೆದು ಕೊಡುತ್ತಿದ್ದರು. ಕೈಯಲ್ಲಿ ಕಾಸಿಲ್ಲದ ರೈತನ ನೇಗಿಲೂ ಮೊನಚಾಗುತ್ತಿತ್ತು, ಮಳೆ ಬಂದ ದಿನ ಬಿತ್ತನೆ ನಿಲ್ಲುತ್ತಿರಲಿಲ್ಲ.

ಹಳೆಯದೆಲ್ಲವೂ ಚಿನ್ನವೆಂದು ಹೇಳಲು ನಾನು ಹೊರಟಿಲ್ಲ. ಆಯದ ಪ್ರಮಾಣವನ್ನು ನಿರ್ಧರಿಸುವಾಗ ಹೊಲವಿದ್ದವರ ಮಾತು ನಡೆಯುತ್ತಿತ್ತೇ ಹೊರತು ಸುತ್ತಿಗೆ ಹಿಡಿದವರದಲ್ಲ. ಬರ ಬಿದ್ದು ಕಣ ಬರಿದಾದರೆ ಅವರ ಪಾಲೂ ಬರಿದು. ದುಡಿದ ದುಡಿಮೆ ಮಾತ್ರ ಹಿಂದಕ್ಕೆ ಬರುತ್ತಿರಲಿಲ್ಲ. ಹಳಿ ಹಾಕುವ ದಿನ ನೀರು ಹೊತ್ತು, ಕುಳ್ಳು ಒಟ್ಟಿ ದುಡಿದ ಕೇರಿಯ ಜನರಿಗೆ ಬಂಡಿಯೇ ಇರಲಿಲ್ಲ. ಕೂಡುವವರ ವೃತ್ತದೊಳಗೆ ಯಾರು, ಹೊರಗೆ ಯಾರು ಎಂಬುದನ್ನು ಹುಟ್ಟೇ ತೀರ್ಮಾನಿಸಿಬಿಡುತ್ತಿತ್ತು. ನಂಬಿಕೆ ಇತ್ತು ನಿಜ, ಅದು ಓಣಿಯನ್ನು ದಾಟುತ್ತಿರಲಿಲ್ಲ. ಪರಿಚಯವಿಲ್ಲದವರೂ ಸಮಾನರಾಗಿ ಕೂಡಬೇಕಾದರೆ ಲಿಖಿತವಾದ ನಿಯಮ ಬೇಕು. ಅಂಥ ನಿಯಮ ಮೊದಲು ಹೆಸರು ಗಳಿಸಿದ್ದು ನನ್ನ ವಿದ್ಯಾರ್ಥಿ ಇಂದು ಇರುವ ದೇಶದಲ್ಲಿಯೇ.

ಇಂಗ್ಲೆಂಡಿನ ರಾಚ್‌ಡೇಲ್ ನೇಕಾರರ ಊರು. ಕೂಲಿ ಕಡಿಮೆ, ಅಂಗಡಿಗಳಲ್ಲಿ ಕಲಬೆರಕೆಯ ಹಿಟ್ಟು, ಮೋಸದ ತೂಕ, ತೀರದ ಸಾಲ. 1844ರಲ್ಲಿ 28 ಜನ ಸೇರಿ, ವಾರಕ್ಕೆ ಕೆಲವು ಪೆನ್ನಿಗಳಂತೆ ಕೂಡಿಸಿ, 28 ಪೌಂಡ್ ಬಂಡವಾಳ ಮಾಡಿದರು. ಆ ವರ್ಷದ ಡಿಸೆಂಬರ್ 21ರ ಸಂಜೆ ಟೋಡ್ ಲೇನ್ ಎಂಬ ಬೀದಿಯಲ್ಲಿ ಅವರ ಅಂಗಡಿ ತೆರೆಯಿತು. ಇದ್ದ ಸರಕು ಸ್ವಲ್ಪ ಬೆಣ್ಣೆ, ಸಕ್ಕರೆ, ಗೋಧಿ ಹಿಟ್ಟು, ಓಟ್ಸ್ ಹಿಟ್ಟು, ಮೇಣದ ಬತ್ತಿ, ಅಷ್ಟೇ. ಆದರೆ ಅವರ ನಿಯಮಗಳು ಗಟ್ಟಿಯಾಗಿದ್ದವು. ಪಾಲು ಎಷ್ಟಿದ್ದರೂ ಒಬ್ಬರಿಗೆ ಒಂದೇ ಮತ. ಕಲಬೆರಕೆಯಿಲ್ಲದ ಸರಕು, ಸರಿಯಾದ ತೂಕ. ವ್ಯಾಪಾರವೆಲ್ಲ ನಗದು. ಉಳಿದ ಲಾಭವನ್ನು ಯಾರು ಎಷ್ಟು ಕೊಂಡರೋ ಅದಕ್ಕೆ ತಕ್ಕಂತೆ ಹಂಚುವುದು. ಜಗತ್ತಿನ ಗ್ರಾಹಕ ಸಹಕಾರ ಸಂಘಗಳು ಇಂದಿಗೂ ತಮ್ಮ ಮೂಲವನ್ನು ಆ ಪುಟ್ಟ ಅಂಗಡಿಗೆ ಕೊಂಡೊಯ್ಯುತ್ತವೆ.

ನಮ್ಮ ದೇಶಕ್ಕೆ ಸಹಕಾರ ಬೇರೊಂದು ಬಾಗಿಲಿನಿಂದ ಬಂದಿತು. ನಮ್ಮ ರೈತನನ್ನು ಮೊದಲು ಕಾಡಿದುದು ಸಾಲ. 1876-78ರ ಮಹಾಕ್ಷಾಮ ಬಳ್ಳಾರಿ ಸೀಮೆಯನ್ನು ಜರ್ಜರಿತಗೊಳಿಸಿತ್ತು. ಮದರಾಸು ಸರಕಾರ ನೇಮಿಸಿದ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿ 1895 ಮತ್ತು 1897ರಲ್ಲಿ ಕೊಟ್ಟ ವರದಿಗಳಲ್ಲಿ ಜರ್ಮನಿಯ ರೈಫೈಸನ್ ಮಾದರಿಯ ಗ್ರಾಮ ಸಂಘಗಳ ಕಡೆಗೆ ಬೆರಳು ತೋರಿದರು. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂದಿತು. ಒಂದೇ ಊರಿನ ಹತ್ತು ಜನ ಕೂಡಿದರೆ ಸಂಘ ನೋಂದಾಯಿಸಬಹುದು. ಗ್ರಾಮ ಸಂಘದಲ್ಲಿ ಒಬ್ಬನ ಸಾಲಕ್ಕೆ ಎಲ್ಲರೂ ಮಿತಿಯಿಲ್ಲದ ಹೊಣೆಗಾರರು. ಕಟ್ಟೆಯ ಮೇಲೆ ಚೀಟಿ ಓದುತ್ತಿದ್ದ ನಂಬಿಕೆ ಈಗ ಕಾಯಿದೆಯ ರೂಪ ತಾಳಿತು ಎನ್ನಬಹುದು.

ಈ ಕಾಯಿದೆಯ ಮೊದಲ ಫಲ ಕಂಡದ್ದು ನಮ್ಮ ಹೊಳೆಯ ಆಚೆಗೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ 1905ರಲ್ಲಿ ಆರಂಭವಾದ ಸಂಘವನ್ನು ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಗುರುತಿಸುತ್ತಾರೆ. ಪಾಟೀಲರು ಆಗ ಅರವತ್ತು ದಾಟಿದವರು. ಈ ವಯಸ್ಸಿನಲ್ಲಿ ಹೊಸತೇನು ಮಾಡಲಾದೀತು ಎಂದು ನನ್ನ ವಾರಿಗೆಯ ಗೆಳೆಯರು ಕೇಳಿದಾಗ ನಾನು ಅವರ ಹೆಸರು ಹೇಳುತ್ತೇನೆ. ಮುಂದಿನ ಹನ್ನೆರಡು ಹದಿಮೂರು ವರ್ಷಗಳಲ್ಲಿ ಹುಬ್ಬಳ್ಳಿ, ಗದಗಗಳಲ್ಲಿ ಹತ್ತಿ ಬೆಳೆಗಾರರ ಮಾರಾಟ ಸಂಘಗಳೂ ಹುಟ್ಟಿದವು.

ಇಲ್ಲಿ ಒಂದು ಸೂಕ್ಷ್ಮವಿದೆ. 1904ರ ಕಾಯಿದೆ ಸಾಲಕ್ಕೆ ಮಾತ್ರ ಹೊಂದುವ ಕಾಯಿದೆ. ಸರಕನ್ನು ಕೂಡಿ ಕೊಳ್ಳುವ, ಕೂಡಿ ಮಾರುವ ಸಂಘಗಳಿಗೆ ಅದರಲ್ಲಿ ನೇರ ಸ್ಥಾನವಿರಲಿಲ್ಲ. ಮದರಾಸಿನ ತಿರುವಲ್ಲಿಕೇಣಿಯಲ್ಲಿ ಅದೇ 1904ರಲ್ಲಿ ಮಧ್ಯಮ ವರ್ಗದ ಕೆಲವರು ಸೇರಿ ದಿನಸಿಯ ಸಹಕಾರ ಅಂಗಡಿ ತೆರೆದು ದಾರಿ ತೋರಿದ್ದರು. ಕೊಳ್ಳುವ ಸಂಘಗಳಿಗೂ ಮಾರುವ ಸಂಘಗಳಿಗೂ ಕಾಯಿದೆಯ ಬಾಗಿಲು ಸರಿಯಾಗಿ ತೆರೆದುದು 1912ರಲ್ಲಿ. ಆಮೇಲೆಯೇ ಬೀಜ, ಗೊಬ್ಬರ, ಸೀಮೆಎಣ್ಣೆ, ನೂಲು ಎಲ್ಲವೂ ಸಹಕಾರದ ತಕ್ಕಡಿಗೆ ಬಂದವು. ನಮ್ಮ ಊರುಗಳ ವ್ಯವಸಾಯ ಸೇವಾ ಸಹಕಾರ ಸಂಘಗಳಲ್ಲಿ ಗೊಬ್ಬರದ ಚೀಲಕ್ಕಾಗಿ ಸಾಲು ನಿಂತವರೆಲ್ಲರೂ ಈ ಇತಿಹಾಸದ ಕೊನೆಯಲ್ಲಿ ನಿಂತಿದ್ದವರೇ.

ಈ ನಡುವೆ ಗಾಲಿಯ ಕತೆ ಬೇರೆ ತಿರುವು ಪಡೆಯಿತು. ಡನ್‌ಲಪ್ ಸಂಸ್ಥೆ 1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಕಾರ್ಖಾನೆ ತೆರೆಯಿತು. ಎತ್ತಿನ ಗಾಡಿಗೆ ಗಾಳಿ ತುಂಬಿದ ರಬ್ಬರು ಟೈರು ನಮ್ಮ ದೇಶದಲ್ಲಿ ಬಳಕೆಗೆ ಬಂದಿತು. ಬಾಲ್ ಬೇರಿಂಗಿನ ಅಚ್ಚು, ರಬ್ಬರಿನ ಗಾಲಿ. ಎತ್ತಿಗೆ ಎಳೆತ ಹಗುರ, ಹೇರು ಹೆಚ್ಚು, ರಸ್ತೆಗೂ ಹಾನಿಯಿಲ್ಲ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆ 1973ರಲ್ಲಿ ಆರಂಭವಾದಾಗ ಅದರ ಮೊದಲ ನಿರ್ದೇಶಕರಾದ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಯನ್ನೇ ತಮ್ಮ ಜೀವನದ ಕೆಲಸವನ್ನಾಗಿ ಮಾಡಿಕೊಂಡರು. ದೇಶದಲ್ಲಿ ಒಂದು ಕೋಟಿಗೂ ಮೀರಿ ಗಾಡಿಗಳಿವೆ, ರೈಲು ಲಾರಿಗಳಿಗೆ ಕೊಡುವ ಗಮನದಲ್ಲಿ ಒಂದು ಪಾಲನ್ನು ಇವಕ್ಕೂ ಕೊಡಿ ಎಂದು ಅವರು ಸರಕಾರಕ್ಕೂ ವಿದ್ವಾಂಸರಿಗೂ ಒತ್ತಿ ಹೇಳಿದರು. ಅದಕ್ಕಾಗಿ ಕಾರ್ಟ್‌ಮನ್ ಎಂಬ ಸಂಸ್ಥೆಯನ್ನೂ ಬೆಂಗಳೂರಿನಲ್ಲಿ ಕಟ್ಟಿದರು.

ಆದರೂ ಸುಧಾರಿತ ಗಾಡಿ ಬಡ ರೈತನ ಅಂಗಳಕ್ಕೆ ಬೇಗ ಬರಲಿಲ್ಲ. ಮರದ ಗಾಲಿಗೆ ಒಂದೇ ಸಲ ದೊಡ್ಡ ಮೊತ್ತ ಬೇಕಾಗಿರಲಿಲ್ಲ. ಮರ ಹೊಲದ್ದು, ಕೆಲಸ ಆಯದ್ದು, ಪಟ್ಟಿಗೆ ಮಾತ್ರ ಹಣ. ಟೈರಿನ ಗಾಲಿಗೆ ಪೂರ್ತಿ ಹಣವನ್ನು ಒಮ್ಮೆಗೇ ತೆರಬೇಕು. ಅದು ಕೆಟ್ಟರೆ ಊರಿನ ಕಮ್ಮಾರರ ಕೈಯಲ್ಲಿ ರಿಪೇರಿಯಾಗದು. ಟೈರಿನ ಬಂಡಿ ಕೊಂಡವರು ಹಳಿಯ ದಿನಕ್ಕೆ ಬರುವುದನ್ನು ಬಿಟ್ಟರು. ಏಳು ಮನೆ ಐದಾಯಿತು, ಐದು ಮೂರಾಯಿತು. ಮೂವರಿಗೆ ಬೆಂಕಿಯ ಖರ್ಚು ಭಾರವಾಯಿತು. ಮೇಲೆ ಕೊಟ್ಟ ಲೆಕ್ಕವನ್ನು ಹಿಂದುಮುಂದಾಗಿ ಮಾಡಿ ನೋಡಿ, ಆಗ ತಿಳಿಯುತ್ತದೆ: ಕೂಡುವವರು ಹೆಚ್ಚಿದಂತೆ ಬೆಲೆ ಹೇಗೆ ಇಳಿಯುತ್ತದೆಯೋ, ಒಬ್ಬೊಬ್ಬರು ಬಿಟ್ಟುಹೋದಂತೆ ಉಳಿದ ಬಡವರ ಮೇಲೆ ಹಾಗೆಯೇ ಹೊರೆ ಏರುತ್ತದೆ. ಎತ್ತುಗಳಿಗೆ ಹಿತವಾದ ಗಾಲಿಯನ್ನು ನಾನು ಹಳಿಯುವುದಿಲ್ಲ. ಆ ಗಾಲಿಯನ್ನೇ ಹತ್ತು ಮನೆ ಕೂಡಿ ತರಿಸುವ, ರಿಪೇರಿಯನ್ನು ಊರಿನ ಕಮ್ಮಾರರ ಮಗನಿಗೆ ಕಲಿಸುವ ಯೋಚನೆ ನಮ್ಮ ಓಣಿಯಲ್ಲಿ ಯಾರಿಗೂ ಬರಲಿಲ್ಲವಲ್ಲ ಎಂಬುದೇ ಕೊರಗು. ಆ ಕುಲುಮೆಯ ಜಾಗ ಈಗ ಖಾಲಿ ಬಿದ್ದಿದೆ.

ಸಹಕಾರ ಸಂಘಗಳಿಗೂ ರೋಗ ತಗಲದೆ ಇರಲಿಲ್ಲ. ಹಲವೆಡೆ ಸದಸ್ಯರು ಸಾಲಕ್ಕೂ ಚುನಾವಣೆಗೂ ಮಾತ್ರ ಸಂಘದ ಮೆಟ್ಟಿಲು ಹತ್ತುವವರಾದರು. ವಾರ್ಷಿಕ ಸಭೆಯಲ್ಲಿ ಲೆಕ್ಕ ಓದುವಾಗ ಕೇಳುವ ಕಿವಿಗಳು ಕಡಿಮೆಯಾದವು. ಸರಕಾರದ ಹಿಡಿತ ತಗ್ಗಿಸಿ ಸದಸ್ಯರ ಕೈಗೇ ಆಡಳಿತ ಕೊಡಬೇಕೆಂದು ಕರ್ನಾಟಕದಲ್ಲಿ 1997ರ ಸೌಹಾರ್ದ ಸಹಕಾರಿ ಕಾಯಿದೆ ಬಂದಿತು, 2001ರಿಂದ ಜಾರಿಯಾಯಿತು. ಒಳ್ಳೆಯದೇ. ಆದರೆ ಓದಿದ ಲೆಕ್ಕವನ್ನು ಕೇಳಬೇಕಾದವನು ಸದಸ್ಯನೇ. ಅವನ ಬದಲಿಗೆ ಕೇಳುವ ಕೆಲಸವನ್ನು ಯಾವ ಕಾಯಿದೆಯೂ ಮಾಡಲಾರದು.

ನನ್ನ ಶಾಲೆಯ ದಿನಗಳ ಒಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು. ಜೂನ್ ತಿಂಗಳಲ್ಲಿ ಮಕ್ಕಳಿಗೆ ನೋಟ್‌ಬುಕ್ಕುಗಳನ್ನು ಸಗಟು ದರದಲ್ಲಿ ತರಿಸುತ್ತಿದ್ದೆವೆಂಬುದು ನಿಮಗೆ ನೆನಪಿರಬಹುದು. ಹಣ ಪಡೆಯುವವನು ಒಬ್ಬ, ಬರೆಯುವವಳು ಇನ್ನೊಬ್ಬಳು. ದಿನದ ಜಮೆ ಕರಿಹಲಗೆಯ ಮೂಲೆಯಲ್ಲಿ. ಒಂದು ವರ್ಷ ಹಣ ಕೂಡಿಸುವುದಕ್ಕೂ ಸರಕು ತರುವುದಕ್ಕೂ ನಡುವೆ ಕಾಗದದ ಬೆಲೆ ಏರಿ, ಕೂಡಿಸಿದ್ದು ಸಾಲದಾಯಿತು. ಬರೆಯುತ್ತಿದ್ದ ಹುಡುಗಿ ಆ ದಿನವೇ ಹೊಸ ದರವನ್ನು ಹಲಗೆಯ ಮೇಲೆ ಬರೆದು, “ಸರ್, ಇವತ್ತೇ ಎಲ್ಲರಿಗೂ ಹೇಳಿಬಿಡೋಣ್ರಿ. ನಾಳೆ ಹೇಳಿದರೆ ನಿನ್ನೇನೇ ಗೊತ್ತಿತ್ತಲ್ಲ ಅಂತಾರೆ” ಎಂದಳು. ಮಕ್ಕಳೇ ಚರ್ಚಿಸಿ ತಲೆಗೆ ಒಂದೊಂದು ನೋಟ್‌ಬುಕ್ಕು ಕಡಿಮೆ ಮಾಡಿಕೊಂಡರು. ಹಣ ಕೊಡಲಾಗದಿದ್ದ ಇಬ್ಬರ ಹೆಸರನ್ನು ಪಟ್ಟಿಯಿಂದ ತೆಗೆಯಲು ಯಾರೂ ಒಪ್ಪಲಿಲ್ಲ. ಸಹಕಾರ ತತ್ತ್ವದ ಮೇಲೆ ನಾನು ಮಾಡಿದ ಪಾಠಗಳಿಗಿಂತ ಆ ಹುಡುಗಿಯ ಎರಡು ವಾಕ್ಯಗಳು ಮೇಲು.

ಇಷ್ಟೆಲ್ಲದರಿಂದ ನಮಗೆ ದೊರೆಯುವ ತಿಳುವಳಿಕೆ ಏನು? ಅಳತೆಯನ್ನು ಬಾಯಿಮಾತಿಗೆ ಬಿಡದೆ ಬರಹದಲ್ಲಿ ಪಡೆದು, ಒಂದು ಮಾದರಿಯನ್ನು ಮಾಡಿಸಿ ಪರೀಕ್ಷಿಸಿದ ಮೇಲೆಯೇ ಉಳಿದವನ್ನು ಮಾಡಿಸಬೇಕು. ಹಿಂದೆ ಸರಿಯುವವರಿಗೆ ಒಂದು ಕೊನೆಯ ದಿನವನ್ನು ಮೊದಲೇ ಗೊತ್ತುಮಾಡಬೇಕು. ಹತ್ತು ಜನರ ಹಣ ತನ್ನ ಸ್ವಂತ ಹಣದೊಡನೆ ಒಂದೇ ಚೀಲದಲ್ಲಿ ಬೆರೆಯಬಾರದು. ಲೆಕ್ಕವನ್ನು ಯಾರೂ ಕೇಳದಿದ್ದರೂ ಓದಬೇಕು. ಕೆಟ್ಟ ಸುದ್ದಿಯನ್ನು ಒಳ್ಳೆಯ ಸುದ್ದಿಗಿಂತ ಬೇಗ ಹೇಳಬೇಕು. ರಾಚ್‌ಡೇಲಿನ ನೇಕಾರರೂ ಕಣಗಿನಹಾಳದ ಗೌಡರೂ ನಮ್ಮ ಓಣಿಯ ಹಿರಿಯರೂ ಬೇರೆ ಬೇರೆ ಭಾಷೆಯಲ್ಲಿ ಕಲಿತ ಪಾಠ ಇದು. ಪರರ ಹಣ ಕೈಯಲ್ಲಿರುವಾಗ ನಿದ್ದೆ ಹತ್ತದಿರುವುದು ದೌರ್ಬಲ್ಯವಲ್ಲ. ಅಂಥವರ ಕೈಗೇ ಜನ ಹಣ ಕೊಡುತ್ತಾರೆ.

ನಿಮ್ಮ ನಿಮ್ಮ ಊರುಗಳಲ್ಲಿಯೂ ಹೀಗೆ ಕೂಡಿ ಕೊಂಡ, ಕೂಡಿ ಕಟ್ಟಿದ ನೆನಪುಗಳಿರಬಹುದು. ಎಣ್ಣೆಯ ಗಾಣವೋ, ಮದುವೆಯ ಪಾತ್ರೆಗಳೋ, ಭಜನಾ ಮಂಡಳಿಯ ತಬಲಾ ಪೆಟ್ಟಿಗೆಯೋ, ಯಾವುದಾದರೂ ಆದೀತು. ಮನೆಯಲ್ಲಿ ಹಿರಿಯರಿದ್ದರೆ ಅವರ ಬಳಿ ಕುಳಿತು, ಹಣ ಯಾರ ಕೈಯಲ್ಲಿತ್ತು, ಲೆಕ್ಕ ಯಾರು ಓದಿದರು, ಯಾರನ್ನು ಸೇರಿಸಿಕೊಳ್ಳಲಿಲ್ಲ ಎಂಬ ಮೂರು ಪ್ರಶ್ನೆಗಳನ್ನು ಕೇಳಿ ಬರೆದಿಡಿ. ಊರಿನ ನಿಜವಾದ ಚರಿತ್ರೆ ಆ ಉತ್ತರಗಳಲ್ಲಿ ಇರುತ್ತದೆ.

ಎಲ್ಲರಿಗೂ ಶುಭವಾಗಲಿ.